ಶುಕ್ರವಾರ ಕಳಿಸಿದ ಹುಡುಗಿ

ನನ್ನ ತಮ್ಮ ಮುರಳೀಕೃಷ್ಣ ಬಾಯಿಬಿಟ್ಟು ಏನನ್ನೂ ಕೇಳುವವನಲ್ಲ. ಚಿಕ್ಕಂದಿನಲ್ಲಿ ಹಸಿವಾದರೂ ಅಡುಗೆಮನೆ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದ. ಅಮ್ಮನೇ ನೋಡಿ ತಟ್ಟೆ ಹಾಕಬೇಕು. ಅಂಥವನು ಎರಡು ಸಾವಿರದ ಮೂರನೇ ಇಸವಿಯ ಮೇ ತಿಂಗಳಲ್ಲಿ, ಸುಡು ಬಿಸಿಲಲ್ಲಿ, ಕೆಂಗೇರಿ ಉಪನಗರದಿಂದ ವಿಜಯನಗರದ ನಮ್ಮ ಮನೆಗೆ ಬಂದ. ಎರಡು ಲೋಟ ಮಜ್ಜಿಗೆ ಕುಡಿದ. ಟೀವಿಯಲ್ಲಿ ಬರುತ್ತಿದ್ದ ಅಡುಗೆ ಕಾರ್ಯಕ್ರಮವನ್ನು ಕೊನೆತನಕ ನೋಡಿದ. ಆಗಲೇ ನನಗೆ ಗೊತ್ತಾಯಿತು, ಇವನಿಗೇನೋ ಬೇಕಾಗಿದೆ ಎಂದು.

"ಅದೇನು ಹೇಳೋ," ಎಂದೆ. "ನಿಂಗೆ ಯಾವಾಗಿಂದ ಬೆಂಡೆಕಾಯಿ ಗೊಜ್ಜಿನ ಮೇಲೆ ಇಷ್ಟು ಆಸಕ್ತಿ?"

"ಅಪೂರ್ವಂಗೆ ಹೈಸ್ಕೂಲ್ ಅಕ್ಕ," ಎಂದ. ಅಷ್ಟು ಹೇಳುವುದರಲ್ಲಿ ಅವನ ಕಿವಿ ಕೆಂಪಾಗಿತ್ತು.

ವಿಷಯ ಇಷ್ಟು. ಅಪೂರ್ವ ಅವನ ಮತ್ತು ಹೆಂಡತಿ ಜಲಜಾಳ ಹಿರಿಮಗಳು, ಅವಳ ಕೆಳಗೆ ಪುಟ್ಟ. ಅವಳು ಓದುತ್ತಿದ್ದ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಮಾತ್ರ ಇತ್ತು. ಎಂಟಕ್ಕೆ ಬೇರೆ ಕಡೆ ಸೇರಿಸಬೇಕು. ಸೇರಿಸಬೇಕೆಂದರೆ ಅಡ್ಮಿಷನ್ನು, ಯೂನಿಫಾರಮ್ಮು, ಬೂಟು, ಪುಸ್ತಕ. ಮುರಳಿ ಕೆಲಸ ಮಾಡುತ್ತಿದ್ದ ರಾಜಾಜಿನಗರದ ಲೇತ್ ಕಾರ್ಖಾನೆ ಹಿಂದಿನ ದೀಪಾವಳಿ ಹೊತ್ತಿಗೆ ಬಾಗಿಲು ಹಾಕಿತ್ತು. ಈಗ ಅವನು ಕೆಂಗೇರಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಿಕೊಡುತ್ತಿದ್ದ.

"ಸೇರಿಸದಿದ್ರೆ?" ಎಂದೆ.

"ಒಂದು ವರ್ಷ ಮನೇಲಿರ್ತಾಳೆ. ಪುಟ್ಟನ್ನ ನೋಡ್ಕೊಂಡಿದ್ರೆ ಜಲಜಾ ಎಲ್ಲಾದ್ರೂ ಕೆಲಸಕ್ಕೆ ಹೋಗಬಹುದು. ಮುಂದಿನ ವರ್ಷ ನೋಡಿದ್ರಾಯ್ತು ಅಂತ."

ಒಂದು ವರ್ಷ ಮನೆಯಲ್ಲಿ ಕೂತ ಹೆಣ್ಣುಹುಡುಗಿ ಮತ್ತೆ ಸ್ಕೂಲಿನ ಮೆಟ್ಟಿಲು ಹತ್ತಿದ್ದನ್ನು ನಾನಂತೂ ಕಂಡಿಲ್ಲ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದಕ್ಕೇ ಅಷ್ಟು ದೂರ ಬಂದಿದ್ದ.

ನಮಗೆ ಮಕ್ಕಳಿಲ್ಲ. ಹೀಗೆಂದ ಕೂಡಲೇ ಎದುರಿಗಿದ್ದವರು ಮುಖ ಒಂಥರಾ ಮಾಡಿಕೊಳ್ಳುತ್ತಾರೆ, ಅದಕ್ಕೇ ನಾನು ಯಾರಿಗೂ ಹೇಳಲು ಹೋಗುವುದಿಲ್ಲ. ಹರಕೆ ಹೊತ್ತು ಘಾಟಿಗೂ ಹೋಗಿ ಬಂದದ್ದಾಯಿತು, ಡಾಕ್ಟರ ಹತ್ತಿರವೂ ಹೋಗಿ ಬಂದದ್ದಾಯಿತು. ಈಗ ಮನೆ ಇದೆ, ಮೇಲಿನ ಮನೆಯ ಬಾಡಿಗೆ ಬರುತ್ತದೆ, ನಮ್ಮ ಯಜಮಾನರು ವೆಂಕಟಗಿರಿಯವರಿಗೆ ಸರ್ಕಾರಿ ಸಂಬಳ ಬರುತ್ತದೆ. ಹಿಂದಿನ ರೂಮಿನಲ್ಲಿ ಮಾತ್ರ ಹಳೇ ಪೇಪರ್ರು, ಇಸ್ತ್ರಿ ಟೇಬಲ್ಲು ಬಿಟ್ಟರೆ ಏನೂ ಇಲ್ಲ. ಮುರಳಿ ಮಾತಾಡುತ್ತಿದ್ದಾಗ ನನ್ನ ಕಣ್ಣು ಆ ರೂಮಿನ ಬಾಗಿಲ ಮೇಲೇ ಇತ್ತು.

"ಎಲ್ಲಾ ಖರ್ಚು ನಂದು," ಎಂದೆ. "ಎಸ್ಸೆಸ್ಸೆಲ್ಸಿವರೆಗೂ ನಂದು. ಆದ್ರೆ ಮಗು ಇಲ್ಲಿರಲಿ. ಇಲ್ಲೇ ಒಳ್ಳೇ ಸ್ಕೂಲಿಗೆ ಹಾಕ್ತೀನಿ. ಭಾನುವಾರ ಬಂದು ನೋಡ್ಕೊಂಡು ಹೋಗಿ."

ಅವನು ತಲೆ ಎತ್ತಲಿಲ್ಲ. "ಇಲ್ಲಿಟ್ಕೊಳ್ಳೋದಾದ್ರೆ ಮಾತ್ರನಾ ಅಕ್ಕ?"

"ಹೌದು ಕಣೋ. ಅದರಲ್ಲೇನು ತಪ್ಪು?"

ತಪ್ಪೇನೂ ಇರಲಿಲ್ಲ. ನಮ್ಮ ಕಡೆ ಇದೇನು ಹೊಸದಲ್ಲ. ಒಡಹುಟ್ಟಿದವರ ಮಗುವನ್ನು ಓದಿಸಲೆಂದು ಇಟ್ಟುಕೊಳ್ಳುತ್ತಾರೆ. ಅದು ದತ್ತು ಅಲ್ಲ, ಶಾಸ್ತ್ರವಿಲ್ಲ, ಕಾಗದಪತ್ರವಿಲ್ಲ. ಹುಡುಗ ಮಾವನ ಮನೆಯಲ್ಲಿ ಓದುತ್ತಿದ್ದಾನೆ, ಹುಡುಗಿ ಅತ್ತೆ ಮನೆಯಲ್ಲಿ ಓದುತ್ತಿದ್ದಾಳೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ವೆಂಕಟಗಿರಿಯವರೇ ಹಾಗೆ ಸೋದರಮಾವನ ಮನೆಯಲ್ಲಿದ್ದು ಓದಿದವರು.

ಆ ಮನುಷ್ಯ ಮಾತ್ರ ಸಂಜೆ ಆಫೀಸಿನಿಂದ ಬಂದು, ವಿಷಯ ಕೇಳಿ, ಚಪ್ಪಲಿ ಬಿಚ್ಚುವುದನ್ನು ಅರ್ಧಕ್ಕೇ ನಿಲ್ಲಿಸಿದರು. "ಕೊಡೋದಾದ್ರೆ ಸುಮ್ನೆ ಕೊಟ್ಟುಬಿಡು ಸತ್ಯ. ಷರತ್ತೆಲ್ಲ ಯಾಕೆ?"

"ಮಗು ಚೆನ್ನಾಗಿರಲಿ ಅಂತ. ನೀವೂ ಹಾಗೇ ಓದಿದೋರಲ್ವಾ?"

"ಅದಕ್ಕೇ ಹೇಳ್ತಾ ಇರೋದು. ನಮ್ಮ ಮಾವ ದೇವರಂಥೋರು. ಆದ್ರೂ ಆ ಮನೇಲಿ ಇದ್ದಷ್ಟು ವರ್ಷ ನಾನು ಎರಡನೇ ಸಲ ಸಾರು ಕೇಳಿಲ್ಲ."

"ನಿಮಗೆ ಸಂಕೋಚ ಜಾಸ್ತಿ, ಅದಕ್ಕೆ ಅವರೇನು ಮಾಡ್ತಾರೆ?" ಎಂದೆ. ಅವರು ಇನ್ನೊಂದು ಚಪ್ಪಲಿ ಬಿಚ್ಚಿ ಒಳಗೆ ಹೋದರು. ನನ್ನ ಜೊತೆ ವಾದ ಮಾಡುವ ಅಭ್ಯಾಸ ಅವರು ಬಿಟ್ಟು ಬಹಳ ವರ್ಷವಾಗಿತ್ತು.

ಗುರುವಾರ ಸಂಜೆ ಮುರಳಿ ಕಾಯಿನ್ ಬೂತಿನಿಂದ ಫೋನ್ ಮಾಡಿದ. ಹಿಂದೆ ಬಸ್ಸುಗಳ ಹಾರ್ನು ಕೇಳುತ್ತಿತ್ತು.

"ಆಯ್ತು ಅಕ್ಕ. ಕರ್ಕೊಂಡು ಬರ್ತೀನಿ."

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ನಾಳೆನೇ ಬಾ. ಮಧ್ಯಾಹ್ನ ಊಟಕ್ಕೇ ಬಾ."

"ನಾಳೆ ಶುಕ್ರವಾರ. ಶುಕ್ರವಾರ ಹೆಣ್ಣುಮಗುನ ಕಳಿಸಲ್ಲ ಅಂತಾಳೆ ಜಲಜಾ. ಭಾನುವಾರ ಬರ್ತೀನಿ."

ಅದು ಸರಿಯೇ. ನಮ್ಮಮ್ಮನೂ ಅಷ್ಟೇ. ಮದುವೆಯಾದ ಮೇಲೂ ನನ್ನನ್ನು ತವರಿನಿಂದ ಶುಕ್ರವಾರ ಕಳಿಸಿದವಳಲ್ಲ. ಎಷ್ಟೇ ಅರ್ಜೆಂಟಿದ್ದರೂ ಮಾರನೇ ದಿನದ ಬಸ್ಸೇ. ನೆಂಟರು, ಕೆಲಸದವರು ಯಾವ ವಾರ ಬೇಕಾದರೂ ಹೋಗಬಹುದು. ಮನೆಯ ಹೆಣ್ಣುಮಗಳು ಮಾತ್ರ ಶುಕ್ರವಾರ ಗಂಟುಮೂಟೆ ಹಿಡಿದು ಹೊಸಿಲು ದಾಟಿದರೆ ಮನೆಯ ಲಕ್ಷ್ಮಿಯೇ ಹೋದ ಹಾಗೆ. ಜಲಜಾಗೆ ಅಷ್ಟು ತಿಳಿವಳಿಕೆ ಇದೆಯಲ್ಲ ಎಂದು ನನಗೆ ಅವಳ ಮೇಲೆ ಸ್ವಲ್ಪ ಪ್ರೀತಿಯೇ ಬಂತು.

ಭಾನುವಾರ ಅಪೂರ್ವ ಬಂದಳು. ಸಣಕಲು ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಸೋಫಾ ತೋರಿಸಿದರೆ ಅದರ ತುದಿಯಲ್ಲಿ ಕೂತಳು. ಮುರಳಿ ಹೋಗುವಾಗ ಅಳಲಿಲ್ಲ. ಗೇಟಿನವರೆಗೆ ಹೋಗಿ, ಅವನು ತಿರುವಿನಲ್ಲಿ ಮರೆಯಾದ ಮೇಲೆ ಗೇಟಿನ ಚಿಲಕ ಹಾಕಿ ಬಂದಳು. ಎಷ್ಟು ಗಟ್ಟಿ ಹುಡುಗಿ ಎಂದುಕೊಂಡೆ.

ಮರುದಿನ ಮಾರ್ಕೆಟ್ ರಸ್ತೆಗೆ ಕರೆದುಕೊಂಡು ಹೋದೆ. ಬ್ಯಾಗು, ಕಪ್ಪು ಬೂಟು, ಕಂಪಾಸ್ ಬಾಕ್ಸು, ನೋಟ್‌ಬುಕ್ಕು, ಅದಕ್ಕೆ ಹಾಕಲು ಕಂದು ರಟ್ಟು. ಅಂಗಡಿಯವನು "ಮಗಳಾ ಮೇಡಂ?" ಎಂದ. ನಾನು ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಬೂಟು ಹಾಕಿ ನೋಡುವಾಗ ಅವಳು ಮೆಲ್ಲಗೆ "ಇದಕ್ಕಿಂತ ಕಮ್ಮೀದು ಇದೆಯಾ ಅಂಕಲ್?" ಎಂದು ಕೇಳಿದಳು. "ಸುಮ್ನಿರೇ, ದುಡ್ಡು ಕೊಡೋಳು ನಾನು," ಎಂದೆ, ಪ್ರೀತಿಯಿಂದಲೇ. ಅವಳು ಇನ್ನೊಂದು ಕಾಲಿಗೂ ಬೂಟು ಹಾಕಿಕೊಂಡಳು. ರಿಬ್ಬನ್ನನ್ನು ಮಾತ್ರ ನಾನೇ ಆರಿಸಿದೆ, ಒಳ್ಳೇ ಸ್ಯಾಟಿನ್‌ದು. ಜಡೆ ಮಡಿಚಿ ಕಟ್ಟಬೇಕೆಂದು ನನಗೆ ಬಹಳ ಆಸೆಯಿತ್ತು.

ಆ ಆಸೆ ಮಾತ್ರ ಕೈಗೂಡಲಿಲ್ಲ. ನಾನು ಏಳುವ ಹೊತ್ತಿಗೆ ಅವಳದು ಸ್ನಾನ ಆಗಿ, ಜಡೆಯೂ ಆಗಿರುತ್ತಿತ್ತು. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಿರುತ್ತಿತ್ತು. "ಬಾಚಣಿಗೆ ತಗೊಂಡು ನನ್ನ ಹತ್ರ ಬಾರೇ," ಎಂದರೆ, "ಬೇಡ ಅತ್ತೆ, ನಿಮಗ್ಯಾಕೆ ತೊಂದರೆ," ಎನ್ನುವಳು. ಹಿಂದಿನ ರೂಮಿನಲ್ಲಿ ಹೊಸ ಹಾಸಿಗೆ ಹಾಕಿಸಿದ್ದೆ. ಅದರ ಮೇಲೆ ಮಲಗದೆ ಅದರ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಕೇಳಿದರೆ ಸೆಕೆ ಎಂದಳು. ಮೇ ತಿಂಗಳಲ್ಲವೇ, ಇರಬಹುದು ಎಂದುಕೊಂಡೆ. ಕುಡಿಯುವ ನೀರಿಗೂ "ತಗೊಳ್ಳಲಾ ಅತ್ತೆ?" ಎಂದು ಕೇಳುತ್ತಿದ್ದಳು. ಮೇಲಿನ ಮನೆಯವರಿಗೆ ನಾನು ಅದನ್ನು ಹೆಮ್ಮೆಯಿಂದ ಹೇಳಿಕೊಂಡೆ, ಮಗು ಎಷ್ಟು ಶಿಸ್ತು ನೋಡಿ ಎಂದು. ವೆಂಕಟಗಿರಿಯವರು ಊಟಕ್ಕೆ ಕೂತಾಗ ಕೇಳದೆಯೇ ಅವಳ ತಟ್ಟೆಗೆ ಎರಡನೇ ಸಲ ಸಾರು ಬಡಿಸುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಎದ್ದು ನೋಡುತ್ತೇನೆ, ಹೊಸಿಲು ತೊಳೆದು ಅರಿಶಿನ ಹಚ್ಚಿ ಕುಂಕುಮ ಇಟ್ಟಾಗಿದೆ, ಮುಂದೆ ರಂಗೋಲಿ. ಇಷ್ಟು ವರ್ಷ ಈ ಮನೆಯ ಹೊಸಿಲಿಗೆ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ಬಿದ್ದಿರಲಿಲ್ಲ. ದೇವರಿಗೆ ಒಂದು ಹೂವು ಜಾಸ್ತಿಯೇ ಏರಿಸಿದೆ. ಸೋಮವಾರ ಸ್ಕೂಲು ಶುರು. ಶನಿವಾರ ಹೋಗಿ ಅಡ್ಮಿಷನ್ ಮುಗಿಸಿಬಿಡುವುದೆಂದು ದೇವರ ಮುಂದೆ ಕೂತೇ ಲೆಕ್ಕ ಹಾಕಿದೆ.

ಪೂಜೆ ಮುಗಿಸಿ ಏಳುವಾಗ ಅಡುಗೆಮನೆ ಬಾಗಿಲಲ್ಲಿ ದಾನಮ್ಮ ನಿಂತಿದ್ದಳು. ದಾನಮ್ಮ ನಮ್ಮ ಮನೆಯ ಪಾತ್ರೆ, ಬಟ್ಟೆ ಮಾಡುವವಳು. ಗದಗಿನ ಕಡೆಯಿಂದ ಬಂದು ಹೊಸಹಳ್ಳಿಯಲ್ಲಿ ಒಂದು ಶೀಟಿನ ಮನೆಯಲ್ಲಿದ್ದಾಳೆ. ಹಿತ್ತಿಲಿಂದ ಬಂದು ಹಿತ್ತಿಲಿಂದ ಹೋಗುವವಳು ಒಳಗೆ ಬಂದು ನಿಂತಿದ್ದಾಳೆಂದರೆ ಏನೋ ಇದೆ.

"ಅವ್ವಾರ, ನಾ ಏನರ ತಪ್ಪು ಮಾಡೇನೇನ್ರಿ?"

"ಯಾಕೆ ದಾನಮ್ಮ?"

"ನಾಕೈದು ದಿನಾ ಆತು, ನಾ ಬರೂದ್ರಾಗ ಪಾತ್ರೆ ಎಲ್ಲಾ ತಿಕ್ಕಿ ಡಬ್ಬ ಹಾಕಿರ್ತಾವ. ಇವತ್ತ ಅರಬಿನೂ ಒಗದಾಕಿ ಬಿಟ್ಟಾಳ. ಸಣ್ಣ ಹುಡುಗೀನ ಕೆಲಸಕ್ಕ ತಂದಿಟ್ಕೊಂಡೀರಿ. ಇಟ್ಕೊಳ್ರಿ, ನಾ ಬ್ಯಾಡ ಅನ್ನಂಗಿಲ್ಲ. ಮೊದಲ ಒಂದ್ ಮಾತು ಹೇಳಿದ್ರ ಬ್ಯಾರೆ ಮನಿ ನೋಡ್ಕೊಂತಿದ್ದೆ."

ನನ್ನ ಮೈಯೆಲ್ಲ ಉರಿದುಹೋಯಿತು. "ಅವಳು ನನ್ನ ತಮ್ಮನ ಮಗಳು," ಎಂದೆ.

"ಹಂಗೇನ್ರಿ," ಎಂದಳು ದಾನಮ್ಮ. ನಂಬಿದವಳ ಹಾಗೆ ಕಾಣಲಿಲ್ಲ.

ಹಿತ್ತಿಲಿಗೆ ಹೋದೆ. ಅಪೂರ್ವ ವೆಂಕಟಗಿರಿಯವರ ಅಂಗಿಗಳನ್ನು ಹಗ್ಗಕ್ಕೆ ಹರವುತ್ತಿದ್ದಳು. ಹಗ್ಗ ಎಟುಕದೆ ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತಿದ್ದಳು. ಕೆಳಗಿಳಿಸಿ ಅವಳ ಅಂಗೈ ತೆಗೆದು ನೋಡಿದೆ. ಸೋಪಿನ ಪುಡಿ ತಿಂದು ಬೆರಳ ತುದಿ ಸಿಪ್ಪೆ ಎದ್ದಿತ್ತು.

"ಇದೆಲ್ಲ ಮಾಡು ಅಂತ ಯಾರು ಹೇಳಿದ್ರೇ ನಿಂಗೆ?"

ಅವಳು ಹೆದರಿದಳು. "ಅಮ್ಮ. ಹೇಳಿಸ್ಕೊಳ್ಳದೆ ಮಾಡಬೇಕು ಅಂದ್ರು. ಕೆಲಸ ಮಾಡಿದ್ರೆ ಇಟ್ಕೋತಾರೆ, ಇಲ್ದಿದ್ರೆ ವಾಪಸ್ ಕಳಿಸ್ತಾರೆ, ಆಮೇಲೆ ಸ್ಕೂಲಿಲ್ಲ ಅಂದ್ರು. ಏನಾದ್ರೂ ಸರಿ ಹೋಗಿಲ್ವಾ ಅತ್ತೆ?"

ನಾನು ಅಡುಗೆಮನೆಗೆ ಬಂದು ನೀರು ಕುಡಿದೆ. ಅಯ್ಯೋ ದೇವರೇ, ನಾನು ಮಗಳನ್ನು ಕೇಳಿದರೆ ಇವಳು ಕೆಲಸದವಳನ್ನು ಕಳಿಸಿದ್ದಾಳೆ. ನನ್ನನ್ನು ಏನೆಂದುಕೊಂಡಿದ್ದಾಳೆ ಈ ಜಲಜಾ? ನಾನು ರಾಕ್ಷಸಿಯೇ? ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ನನಗೆ ಕೂತುಕೊಳ್ಳಲಾಗುವುದಿಲ್ಲ, ಅದು ನನ್ನ ಸ್ವಭಾವ. ಈಗಲೇ ಹೋಗಬೇಕು, ಹುಡುಗಿಯನ್ನು ಅವರ ಮನೆಯಲ್ಲೇ ಬಿಟ್ಟು, ಅಲ್ಲೇ ಕೆಂಗೇರಿಯಲ್ಲೇ ಹೈಸ್ಕೂಲಿಗೆ ದುಡ್ಡು ಕಟ್ಟಿ, ತಗೊಳ್ಳಮ್ಮ ನಿನ್ನ ಮಗಳು, ನನಗೆ ಪಾತ್ರೆ ತೊಳೆಯುವವರು ಇದ್ದಾರೆ ಎಂದು ಜಲಜಾ ಮುಖಕ್ಕೆ ಹೇಳಿ ಬರಬೇಕು. ವೆಂಕಟಗಿರಿಯವರು ಹೇಳಿದ್ದನ್ನೇ ನಾನು ಮಾಡಲು ಹೊರಟಿದ್ದೆ. ಮಾಡುವ ರೀತಿ ಮಾತ್ರ ನನ್ನದು. ಅವರು ಆಗಲೇ ಆಫೀಸಿಗೆ ಹೋಗಿದ್ದರು, ದಾನಮ್ಮನೂ ಹಿತ್ತಿಲಿಂದ ಹೊರಟುಹೋಗಿದ್ದಳು.

"ಅಪೂರ್ವ, ಬಟ್ಟೆ ಬದಲಾಯಿಸ್ಕೋ. ನಿನ್ನ ಚೀಲ ತಗೋ. ಹೊಸಾ ಬ್ಯಾಗೂ ತಗೋ. ಕೆಂಗೇರಿಗೆ ಹೋಗೋಣ."

ಅವಳು ಒಳಗೆ ಹೋಗಿ, ಚಾಪೆ ಸುತ್ತಿಟ್ಟು, ಚೀಲ ಹಿಡಿದು ಬಂದಳು. ತಾನೇ ಕುಂಕುಮ ಇಟ್ಟ ಹೊಸಿಲನ್ನು ತುಳಿಯದೆ ದಾಟಿದಳು. ನಾನು ಹಿಂದೆಯೇ ದಾಟಿ ಬೀಗ ಹಾಕಿದೆ. ಆ ಹೊತ್ತಿನಲ್ಲಿ ವಾರ ತಿಥಿ ಯಾವುದೂ ನನ್ನ ತಲೆಯಲ್ಲಿರಲಿಲ್ಲ.

ನಾಯಂಡಹಳ್ಳಿಯಲ್ಲಿ ಬಸ್ ಬದಲಿಸಿದೆವು. ಮೈಸೂರು ರಸ್ತೆಯುದ್ದಕ್ಕೂ ವೃಷಭಾವತಿ ಮೋರಿಯ ವಾಸನೆ. ಹುಡುಗಿ ಕಿಟಕಿ ಪಕ್ಕ ಕೂತು ಹೊಸ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮಾತಿಲ್ಲ. ಮನೆಗೆ ಹೋಗುವ ಖುಷಿ ಇರಬೇಕು ಎಂದುಕೊಂಡೆ. ನಾನೂ ಮಾತಾಡಲಿಲ್ಲ, ಜಲಜಾಗೆ ಹೇಳಬೇಕಾದದ್ದನ್ನೆಲ್ಲ ಒಳಗೊಳಗೇ ಜೋಡಿಸಿಕೊಳ್ಳುತ್ತಿದ್ದೆ. ಮಗುವಿಗೆ ಒಂದು ಮಾತು ಹೇಳಬೇಕೆಂದು ಹೊಳೆಯಲೇ ಇಲ್ಲ.

ಅವರ ಬೀದಿಯಲ್ಲಿ ಅವತ್ತು ನೀರು ಬಂದಿತ್ತು. ಜಲಜಾ ಗೇಟಿನ ಹತ್ತಿರದ ನಲ್ಲಿಯಲ್ಲಿ ಬಿಂದಿಗೆ ಹಿಡಿಯುತ್ತಿದ್ದಳು. ನಮ್ಮನ್ನು ನೋಡಿ ಎದ್ದು ನಿಂತಳು. ಮೊದಲು ಮಗಳನ್ನು ನೋಡಿದಳು, ಆಮೇಲೆ ಚೀಲವನ್ನು, ಆಮೇಲೆ ನನ್ನನ್ನು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪೂರ್ವಳ ಕೆನ್ನೆಗೆ ಬಿತ್ತು ಏಟು.

"ಒಂದು ವಾರ ಇರೋಕಾಗಲಿಲ್ವಾ ನಿನಗೆ? ಏನು ಮಾಡಿದೆ ಅಲ್ಲಿ?"

"ಏನೂ ಮಾಡಿಲ್ಲಮ್ಮ," ಎಂದಳು ಹುಡುಗಿ. "ಎಲ್ಲಾ ಮಾಡ್ದೆ. ಪಾತ್ರೆ ತೊಳ್ದೆ, ಬಟ್ಟೆನೂ ಒಗ್ದೆ. ಯಾವತ್ತೂ ಏನೂ ಕೇಳಿಲ್ಲ."

ಬಸ್ಸಿನಲ್ಲಿ ಜೋಡಿಸಿಕೊಂಡ ಒಂದು ಮಾತೂ ನನಗೆ ನೆನಪಿಗೆ ಬರಲಿಲ್ಲ. ಹುಡುಗಿಯನ್ನು ನನ್ನ ಕಡೆಗೆಳೆದುಕೊಂಡೆ. "ಹೊಡೀಬೇಡ ಜಲಜಾ. ಅವಳದೇನೂ ತಪ್ಪಿಲ್ಲ. ಇಲ್ಲೇ ಇದ್ದು ಓದಲಿ. ಫೀಸು ನಾನು ಕಟ್ತೀನಿ. ಅದನ್ನ ಹೇಳೋಕೇ ಬಂದೆ."

"ನೀವು ಒಳ್ಳೇವ್ರು ಅತ್ತಿಗೆ," ಎಂದಳು ಜಲಜಾ. ದನಿ ಏರಿಸಲಿಲ್ಲ. "ಆದ್ರೆ ಇವತ್ತು ಶುಕ್ರವಾರ."

ನನಗೆ ಆಗ ನೆನಪಾಯಿತು.

"ಮನೆ ಮಗು ಅಂದ್ಕೊಂಡಿದ್ರೆ ಇವತ್ತು ಕಳಿಸ್ತಿದ್ರಾ? ಕಡು ವೈರಿನೂ ಹೆಣ್ಣುಮಗುನ ಶುಕ್ರವಾರ ಆಚೆ ಹಾಕಲ್ಲ. ಕೆಲಸದವಳು ಸರಿ ಹೋಗದಿದ್ರೆ ಕಳಿಸ್ತಾರೆ, ಯಾವ ವಾರ ಆದ್ರೂ."

"ಕೆಲಸದವಳನ್ನ ಮಾಡಿ ಕಳಿಸಿದ್ದು ನೀನು ಕಣೇ," ಎಂದೆ. ಅಷ್ಟು ಹೇಳಬಾರದಿತ್ತು. ಅಕ್ಕಪಕ್ಕದವರು ಬಿಂದಿಗೆ ಹಿಡಿದು ನಿಂತಿದ್ದರು.

"ಇನ್ನೇನು ಮಾಡಿ ಕಳಿಸ್ಲಿ ಅತ್ತಿಗೆ? ನಮ್ಮ ಹತ್ರ ಕೊಡೋಕೆ ಇನ್ನೇನಿತ್ತು?" ಎಂದಳು. ತುಂಬಿ ಹರಿಯುತ್ತಿದ್ದ ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದಳು.

ಯಾರೋ ಹೇಳಿ ಕಳಿಸಿ ಮುರಳಿ ಅಂಗಡಿಯಿಂದ ಬಂದ. ಕೈಗೆಲ್ಲ ತುಕ್ಕು. ನಾನು ಎಲ್ಲವನ್ನೂ ಮೊದಲಿನಿಂದ ಹೇಳಿದೆ, ದಾನಮ್ಮ ಬಂದದ್ದು, ನಾನು ಸಿಟ್ಟು ಮಾಡಿಕೊಂಡದ್ದು, ವಾರ ಮರೆತದ್ದು. ಅಡ್ಮಿಷನ್ನಿಗೆಂದು ತಂದಿದ್ದ ದುಡ್ಡಿನ ಕವರು ಅವನ ಮುಂದಿಟ್ಟೆ. ಅವನು ನನ್ನನ್ನು ನಂಬಿದ. ನಂಬಿದ್ದಕ್ಕೇ ನನಗೆ ಹೆಚ್ಚು ನೋವಾಯಿತು.

"ನಿನ್ನ ಸಿಟ್ಟು ನಂಗೆ ಗೊತ್ತಿಲ್ವಾ ಅಕ್ಕ," ಎಂದ. "ಆವತ್ತು ನಾನು ಬಂದಾಗ ಸುಮ್ನೆ ಕೊಟ್ಟಿದ್ರೆ ಕಣ್ಣಿಗೊತ್ಕೊಂಡು ತಗೋತಿದ್ದೆ. ಈಗ ಬೇಡ. ಈಗ ತಗೊಂಡ್ರೆ, ಮಗಳನ್ನ ಕಳಿಸಿ, ಅವರಿಗೆ ಹಿಡಿಸದೆ ವಾಪಸ್ ಬಂದಿದ್ದಕ್ಕೆ ಕೊಟ್ಟ ದುಡ್ಡು ಅಂತಾಗುತ್ತೆ. ಜಲಜಾ ಮುಟ್ಟಲ್ಲ. ನಾನು ಅವಳ ಜೊತೆ ಬಾಳಬೇಕು."

"ಮಗು ಸ್ಕೂಲು?"

"ಮುಂದಿನ ವರ್ಷ ನೋಡೋಣ."

ಬಹಳ ಹೊತ್ತು ಕೂತಿದ್ದೆ. ಬೇಡಿಕೊಂಡೆ ಎಂದೇ ಹೇಳಬೇಕು. ನಾನು ಜೀವನದಲ್ಲಿ ಯಾರನ್ನೂ ಅಷ್ಟು ಬೇಡಿಕೊಂಡವಳಲ್ಲ. ಜಲಜಾ ಕಾಫಿ ಕೊಟ್ಟಳು, ಕುಂಕುಮ ಕೊಟ್ಟಳು, ಮರ್ಯಾದೆಗೆ ಏನೂ ಕಮ್ಮಿ ಮಾಡಲಿಲ್ಲ. ಕವರನ್ನು ಮಾತ್ರ ನನ್ನ ವ್ಯಾನಿಟಿ ಬ್ಯಾಗಿನ ಮೇಲಿಟ್ಟಳು. ಸಂಜೆ ಎದ್ದು ಹೊರಟೆ. ಹೊಸ ಸ್ಕೂಲ್ ಬ್ಯಾಗನ್ನು ಬಾಗಿಲ ಹಿಂದೆ ಬಿಟ್ಟು ಬಂದಿದ್ದೆ, ಬೇಕೆಂದೇ.

ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಹಿಂದಿನಿಂದ ಓಡಿ ಬಂದ ಸದ್ದು. ಅಪೂರ್ವ. ಬ್ಯಾಗು ಅವಳ ಎದೆಗೆ ಆತುಕೊಂಡಿತ್ತು. ಓಡಿದ್ದಕ್ಕೆ ಒಂದು ಜಡೆ ಬಿಚ್ಚಿಹೋಗಿತ್ತು.

"ಅಮ್ಮ ವಾಪಸ್ ಕೊಟ್ಟು ಬಾ ಅಂದ್ರು."

ತಗೊಂಡೆ. ಅವಳು ಹೋಗಲಿಲ್ಲ. ಹಿಂದೆ ತಿರುಗಿ ಯಾರೂ ಇಲ್ಲವೆಂದು ನೋಡಿ, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಅತ್ತೆ, ನಂಗೆ ಚಪಾತಿ ಲಟ್ಟಿಸೋಕೂ ಬರುತ್ತೆ. ಅದನ್ನ ನಾನು ಅಲ್ಲಿ ಮಾಡಿ ತೋರಿಸ್ಲೇ ಇಲ್ಲ."

ಬ್ಯಾಗನ್ನು ಕಲ್ಲುಬೆಂಚಿನ ಮೇಲಿಟ್ಟು ಅವಳನ್ನು ತಿರುಗಿಸಿ ನಿಲ್ಲಿಸಿದೆ. ಬಿಚ್ಚಿದ ಜಡೆಯನ್ನು ಬೆರಳಲ್ಲೇ ಬಾಚಿ ಮೂರು ಕಾಲು ಮಾಡಿ ಹೆಣೆದೆ. ಬ್ಯಾಗಿನೊಳಗಿದ್ದ ಸ್ಯಾಟಿನ್ ರಿಬ್ಬನ್ ತೆಗೆದು ಕಟ್ಟಿದೆ. ಅವಳು ಅಲುಗಾಡದೆ ನಿಂತಿದ್ದಳು, ಅತ್ತೆ ಕರೆದುಕೊಂಡು ಹೋಗುತ್ತಾರೆ ಎಂದುಕೊಂಡು. ಬಸ್ ಬಂತು.

"ಮನೆಗೆ ಹೋಗು ಕಂದ," ಎಂದೆ. "ಅಮ್ಮ ಕಾಯ್ತಾ ಇರ್ತಾಳೆ."

ಅವಳು ತಲೆಯಾಡಿಸಿದಳು. ಎರಡು ಹೆಜ್ಜೆ ಹೋಗಿ, ರಿಬ್ಬನ್ ಬಿಚ್ಚಿ, ಮಡಿಚಿ, ವಾಪಸ್ ಬಂದು ಕೊಟ್ಟಳು. "ಅಮ್ಮ ಬೈತಾರೆ ಅತ್ತೆ," ಎಂದಳು.

ಮಾರನೇ ದಿನ ದಾನಮ್ಮ ಬಂದಾಗ ಎರಡು ಹೊತ್ತಿನ ಪಾತ್ರೆ ಸಿಂಕಿನಲ್ಲಿ ಬಿದ್ದಿತ್ತು. ಅವಳು ಪಾತ್ರೆ ನೋಡಿದಳು, ಹಿಂದಿನ ರೂಮಿನ ಕಡೆ ನೋಡಿದಳು.

"ಹುಡುಗಿ ಹೋದಳೇನ್ರಿ ಅವ್ವಾರ?"

"ಹೋದಳು."

"ಛಲೋ ಕೆಲಸದಾಕಿ ಇದ್ಲು," ಎಂದಳು ದಾನಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಲ್ಲಿ ತಿರುಗಿಸಿದಳು.